ಸಾಕು, ಬಾ

ದೋಣಿ ಮಗುಚಬಹುದಿತ್ತು. ಮಗುಚದಿದ್ದರೆ ಹಾಯಿಕಂಬ ಮುರಿದು ನಮ್ಮಲ್ಲೊಬ್ಬನ ತಲೆಯ ಮೇಲೆ ಬೀಳಬಹುದಿತ್ತು. ಆ ಒಬ್ಬ ನಾನೇ ಆಗಿರುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅಂಡಮಾನಿನ ಮ್ಯಾಂಗ್ರೋವ್ ಕಾಡುಗಳ ಅಂಚಿನಲ್ಲಿ ಮೊಸಳೆಗಳಿವೆಯಂತೆ, ಅವಕ್ಕೆ ಉಪ್ಪುನೀರೂ ಆಗುತ್ತದಂತೆ. ನೀರಿಗಿಳಿದರೆ ಜೆಲ್ಲಿಮೀನು, ಇಳಿಯದಿದ್ದರೆ ಬಿಸಿಲು. ಕುಡಿಯುವ ನೀರು ಮುಗಿಯಬಹುದು, ಅಡುಗೆ ಗ್ಯಾಸು ಸೋರಬಹುದು, ಇಷ್ಟು ವರ್ಷ ತೆಪ್ಪಗಿದ್ದ ಅಪೆಂಡಿಕ್ಸು ಆಸ್ಪತ್ರೆಯಿಂದ ಅತಿ ದೂರದ ದ್ವೀಪವನ್ನೇ ಹುಡುಕಿ ಎಚ್ಚರಗೊಳ್ಳಬಹುದು. ಚಂಡಮಾರುತವೆದ್ದರೆ ಅದಕ್ಕೆ ಯಾವ ಹೆಸರಿಡುತ್ತಾರೆ ಎಂಬಲ್ಲಿಯವರೆಗೂ ಯೋಚಿಸಿಯಾಗಿತ್ತು. ಇಷ್ಟು ಸಾಲದೆಂಬಂತೆ, ನಾನಿಲ್ಲದಾಗ ಸೂರತ್ತಿನಲ್ಲಿ ನಮ್ಮ ಅಡಾಜಣದ ಮನೆಯ ಲಿಫ್ಟು ಕೆಟ್ಟು ಹೆಂಡತಿ ಅದರೊಳಗೆ ಸಿಕ್ಕಿಕೊಳ್ಳಬಹುದಿತ್ತು.

ಇದನ್ನೆಲ್ಲ ಹೊರಡುವ ದಿನ ಅವಳಿಗೆ ವಿವರವಾಗಿ ಹೇಳಿದೆ. ಅವಳು ನನ್ನ ಚೀಲದಿಂದ ಎರಡನೆಯ ಟಾರ್ಚನ್ನು ಹೊರಗೆ ತೆಗೆಯುತ್ತ, ‘ರೀ, ಮೊಸಳೆಗೂ ಬಾಯಿರುಚಿ ಅಂತ ಒಂದಿರುತ್ತೆ. ಸುಮ್ನೆ ಹೋಗ್ಬನ್ನಿ’ ಅಂದಳು.

ನನ್ನ ಉದ್ಯೋಗವೇ ಇಂಥದ್ದು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂದಲು ನರೆಸಿಕೊಂಡವನು ನಾನು. ಜಗತ್ತಿನಲ್ಲಿ ಏನೇನು ಕೆಡಬಹುದೋ ಅದೆಲ್ಲ ಒಂದಲ್ಲ ಒಂದು ದಿನ ಕಾಗದವಾಗಿ ನನ್ನ ಮೇಜಿಗೆ ಬಂದಿದೆ. ಆದರೆ ಕೆಟ್ಟದ್ದಕ್ಕೆಲ್ಲ ಒಂದು ಕಾರಣವಿದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದೂ ಅದೇ ಮೇಜು ಕಲಿಸಿದ ನಂಬಿಕೆ. ಭೂತ, ಅಶರೀರವಾಣಿ, ಮುನ್ಸೂಚನೆ ಇವುಗಳ ಮಾತೆತ್ತಿದವರನ್ನು ಸುಳ್ಳು ಕ್ಲೇಮು ಹಾಕಿದವರಂತೆ ನೋಡುತ್ತಿದ್ದೆ. ದಾವಣಗೆರೆಯ ನಮ್ಮಜ್ಜಿ ಬದುಕಿರುವವರೆಗೂ ಹೇಳುತ್ತಿದ್ದಳು: ‘ಹೊರಗಿಂದ ಯಾರಾರ ಕೂಗಿದ್ರೆ ಒಂದೇ ಕೂಗಿಗೆ ಓ ಅನಬ್ಯಾಡ್ಲೇ. ಮೂರು ಸಲ ಕೂಗ್ಲಿ. ಮನಷ್ಯ ಆದ್ರೆ ಕೂಗ್ತಾನೆ.’ ನನಗೆ ಇರುವ ನೂರೆಂಟು ಭಯಗಳಲ್ಲಿ ಇದೊಂದನ್ನು ಮಾತ್ರ ನಾನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಗುಜರಾತಿಗೆ ಬಂದ ಹೊಸತರಲ್ಲಿ ನನ್ನನ್ನು ಅಹಮದಾಬಾದಿಗೆ ಹಾಕಿದ್ದರು. ಮಣಿನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗೆ ಮನೆಯವರು: ನನ್ನದೇ ವಯಸ್ಸಿನ ಜಿಗ್ನೇಶ್, ಅವನ ತಂಗಿ ಹೇತಲ್, ಅವರ ತಾಯಿ. ಮೊದಲ ದಿನ ಊಟಕ್ಕೆ ಕರೆದಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಜಿಗ್ನೇಶ್ ಒಳಗೆ ಮುಖ ಮಾಡಿ ‘ಬಾ!’ ಎಂದು ಕೂಗಿದ. ಪಾಪ, ನನಗಾಗಿ ಒಂದು ಕನ್ನಡ ಪದ ಕಲಿತಿದ್ದಾನಲ್ಲ ಎಂದು ಮನಸ್ಸು ತುಂಬಿ ಬಂತು. ‘ಬಂದೆ, ಬಂದೆ’ ಎನ್ನುತ್ತ ನೇರ ಅಡುಗೆಮನೆಗೇ ನುಗ್ಗಿದೆ. ಅಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗುಜರಾತಿಯಲ್ಲಿ ತಾಯಿಯನ್ನು ‘ಬಾ’ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಊಟದಲ್ಲಿ ಇನ್ನೊಂದು ಕಥೆ. ಅವರು ತರಕಾರಿಗೂ ಪಲ್ಯಕ್ಕೂ ಶಾಕ್ ಎನ್ನುತ್ತಾರೆ. ಹಳ್ಳಿಯ ಕಡೆಯವರಾದ ಬಾ ಅವರ ಬಾಯಲ್ಲಿ ಅದು ‘ಸಾಕ್’. ಅವರು ಬೆಂಡೆಕಾಯಿ ಪಲ್ಯ ಬಡಿಸಿದರು. ನಾನು ‘ಸಾಕು’ ಅಂದೆ. ಇನ್ನೂ ಬಡಿಸಿದರು. ‘ಸಾಕು, ಸಾಕು’ ಅಂದೆ. ಪಾತ್ರೆಯನ್ನೇ ತಂದರು. ಕೊನೆಗೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ಹರಕು ಹಿಂದಿಯಲ್ಲಿ ನಮ್ಮ ಭಾಷೆಯ ಸಾಕು ಅಂದರೆ ನಿಮ್ಮ ಸಾಕ್ ಅಲ್ಲ, ಇನ್ನು ಬೇಡ ಅಂತ ಎಂದು ವಿವರಿಸುವಷ್ಟರಲ್ಲಿ ನನ್ನ ಹೊಟ್ಟೆ ಕಲ್ಲಾಗಿತ್ತು. ಬಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಂದಿನಿಂದ ನನಗೆ ಆ ಮನೆಯಲ್ಲಿ ಹೆಸರು ‘ಸಾಕುಭಾಯ್’. ನನಗೆ ವಡೋದರಾಕ್ಕೆ, ಅಲ್ಲಿಂದ ಸೂರತ್ತಿಗೆ ವರ್ಗವಾದ ಮೇಲೂ ಬಾ ಫೋನು ಇಡುವಾಗ ಕನ್ನಡದಲ್ಲೇ ‘ಸಾಕು!’ ಎಂದು ನಕ್ಕು ಇಡುತ್ತಿದ್ದರು.

ಆಮೇಲೆ ಬಾ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಬಂದರೂ ಬರಬಹುದು ಎಂದರು ಡಾಕ್ಟರು. ಜಿಗ್ನೇಶ್ ಬಟ್ಟೆ ವ್ಯಾಪಾರವನ್ನು ಪಾಲುದಾರನಿಗೆ ಬಿಟ್ಟು ತಾಯಿಯ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಮದುವೆಯಾದವನಲ್ಲ. ಎಬ್ಬಿಸುವುದು, ಉಣಿಸುವುದು, ಹೊರಳಿಸುವುದು ಎಲ್ಲ ಅವನೇ. ಎರಡು ವರ್ಷದ ಮೇಲೆ ನೋಡಿದಾಗ ಕಾಯಿಲೆಯವರು ಯಾರು ಎಂಬುದೇ ತಿಳಿಯದ ಹಾಗಿದ್ದ. ಮಾತಾಡುತ್ತಿರುವಾಗಲೇ ಕೂತಲ್ಲೇ ನಿದ್ದೆ ಹೋಗುತ್ತಿದ್ದ, ಬೆಚ್ಚಿ ಎದ್ದು ಬಾ ಅವರ ಮೂಗಿನ ಹತ್ತಿರ ಬೆರಳಿಡುತ್ತಿದ್ದ.

ಅವನನ್ನು ಆ ಮನೆಯಿಂದ ಒಂದು ವಾರವಾದರೂ ಹೊರಗೆಳೆಯಬೇಕೆಂದು ಹಟ ಹಿಡಿದವನು ನಾನೇ. ಹೇತಲ್ ವಡೋದರಾದ ಗಂಡನ ಮನೆಯಿಂದ ಬಂದು ತಾಯಿಯನ್ನು ನೋಡಿಕೊಳ್ಳಲು ಒಪ್ಪಿದಳು. ಹಾಯಿದೋಣಿಯ ಉಪಾಯ ಮಾತ್ರ ನನ್ನದಲ್ಲ, ಧಾರವಾಡದ ಪ್ರಭಾಕರನದು. ವಡೋದರಾದಲ್ಲಿ ನನಗೆ ಸಿಕ್ಕ ಗೆಳೆಯ, ಈಗ ಸೂರತ್ತಿನ ಪಕ್ಕದ ಹಜೀರಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಯಂತ್ರಗಳ ಸದ್ದಿನಲ್ಲೇ ಬದುಕಿ ಅರ್ಧ ಕಿವುಡಾದವನು, ನಡುವಯಸ್ಸಿನಲ್ಲಿ ಹಾಯಿ ಹಿಡಿಯುವುದನ್ನು ಕಲಿತು ಹುಚ್ಚು ಹತ್ತಿಸಿಕೊಂಡಿದ್ದ. ‘ನಿಶ್ಶಬ್ದ ಅಂದ್ರ ಏನಂತ ತೋರಸ್ತೀನಿ ಬರ್ರಿ’ ಅಂದ. ಹೊರಡುವಾಗ ಜಿಗ್ನೇಶ್ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದ. ನಮ್ಮಿಬ್ಬರ ಮಾತು ಹಿಂದಿಯಲ್ಲಿ; ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ‘ನಾನಿಲ್ಲದಾಗ ಬಾಗೆ ಏನಾದರೂ ಆದರೆ ನನ್ನನ್ನು ನಾನು ಕ್ಷಮಿಸುವುದಿಲ್ಲ. ನಿನ್ನನ್ನೂ ಕ್ಷಮಿಸುವುದಿಲ್ಲ.’

ಮೊಸಳೆ ಮಗುಚುವಿಕೆಗಳ ಕೆಳಗೆ ನನ್ನ ನಿಜವಾದ ಚಿಂತೆ ಇದೊಂದೇ ಆಗಿತ್ತು.

ಕೊರೊನಾ ಮುಗಿದು ಜನ ಮತ್ತೆ ತಿರುಗಾಡಲು ಶುರುಮಾಡಿದ್ದ ಚಳಿಗಾಲವದು. ಪೋರ್ಟ್ ಬ್ಲೇರಿನಿಂದ ದೋಣಿ ಹತ್ತಿದೆವು. ನಾವು ಮೂವರು, ನಡೆಸುವವನು ಬಿಮಲ್ ಎಂಬ ಬಂಗಾಳಿ. ದಿನಾ ಒಂದು ದ್ವೀಪದ ಮಗ್ಗುಲಲ್ಲಿ ಲಂಗರು ಹಾಕುವುದು, ಅಕ್ಕಿ ಬೇಯಿಸಿಕೊಳ್ಳುವುದು, ಬೆಳಗಾದರೆ ಮತ್ತೆ ಹಾಯಿ ಏರಿಸುವುದು. ವರ್ಣಿಸಲು ನನಗೆ ಬರುವುದಿಲ್ಲ. ನೀರು ಗಾಜಿನ ಹಾಗಿತ್ತು, ನನಗೆ ವಾಂತಿಯಾಗುತ್ತಿತ್ತು. ಜಿಗ್ನೇಶ್ ಮಾತ್ರ ಹತ್ತಿದ ಕೂಡಲೇ ಮಲಗಿದವನು ಊಟಕ್ಕೆ ಏಳುವುದು, ಮತ್ತೆ ಮಲಗುವುದು. ಎಚ್ಚರಾದಾಗ ಫೋನು ಮೇಲೆತ್ತಿ ಸಿಗ್ನಲ್ ಹುಡುಕುತ್ತಿದ್ದ. ಜನವಸತಿಯಿರುವ ದ್ವೀಪಗಳ ಹತ್ತಿರ ಸಿಗುತ್ತಿತ್ತು. ಹೇತಲ್ ‘ಎಲ್ಲ ಮೊದಲಿನ ಹಾಗೇ ಇದೆ, ನೀನು ಮಲಗು’ ಅನ್ನುತ್ತಿದ್ದಳು. ಅವನು ವಿಧೇಯನಾಗಿ ಮಲಗುತ್ತಿದ್ದ.

ಗಾಳಿ ಬಿದ್ದುಹೋದದ್ದು ಎರಡು ದ್ವೀಪಗಳ ನಡುವೆ, ಹಾಡುಹಗಲಿನಲ್ಲಿ. ಬೆಳಗಿನಿಂದ ಚೆನ್ನಾಗಿ ಉಬ್ಬಿಕೊಂಡಿದ್ದ ಹಾಯಿ ಒದ್ದೆ ಪಂಚೆಯಂತೆ ಜೋತುಬಿತ್ತು. ಬಿಮಲ್ ಇಂಜಿನ್ ಹಚ್ಚಿದ; ಅದು ಸ್ವಲ್ಪ ಹೊತ್ತು ಗೊಣಗಿ, ಬಿಸಿಯಾಗಿ, ನಿಂತಿತು. ತಣ್ಣಗಾಗಲಿ, ಅಷ್ಟರಲ್ಲಿ ಗಾಳಿಯೂ ಬಂದೀತು ಎಂದು ಅವನು ಕೆಳಗಿಳಿದು ಇಂಜಿನ್ನಿನೊಳಗೆ ತಲೆ ತೂರಿಸಿದ. ಸಮುದ್ರ ಅಲುಗಾಡಲಿಲ್ಲ. ಹಕ್ಕಿಯಿಲ್ಲ, ಬೇರೆ ದೋಣಿಯಿಲ್ಲ. ದ್ವೀಪಗಳೆರಡೂ ದೂರದಲ್ಲಿ ಹಸಿರು ಗೆರೆಗಳಾಗಿದ್ದವು. ಪ್ರಭಾಕರ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಗೊರಕೆ ಹೊಡೆಯತೊಡಗಿದ. ಜಿಗ್ನೇಶ್ ನನ್ನ ಕಾಲ ಬಳಿ ಮಗ್ಗುಲಾಗಿ ಮಲಗಿದ್ದ.

ನನಗೆ ನಿದ್ದೆಯಿರಲಿಲ್ಲ. ಆದರೆ ದಣಿವಿತ್ತು. ದೋಣಿಯದಲ್ಲ, ಬಿಸಿಲಿನದಲ್ಲ. ವರ್ಷಗಟ್ಟಲೆ ಎಲ್ಲರ ಪರವಾಗಿ ಎಲ್ಲವನ್ನೂ ಮೊದಲೇ ಹೆದರಿಟ್ಟ ದಣಿವು. ಇಷ್ಟು ಕಾವಲು ಕಾದದ್ದರಿಂದ ಏನನ್ನು ತಡೆದೆ? ಬಾ ಅವರ ಮಾತು ನಿಲ್ಲುವುದನ್ನು ತಡೆದೆನೇ? ಹೀಗೆ ಏನೋ ಯೋಚಿಸುತ್ತಿದ್ದೆ. ಆಗ ಯಾರೋ ಕರೆದರು.

‘ಸಾಕು, ಬಾ.’

ಕೂಗಲಿಲ್ಲ. ಪಕ್ಕದ ಕೋಣೆಯಿಂದ ಕರೆದ ಹಾಗೆ, ಹಾಯಿಯ ಆ ಮಗ್ಗುಲಿನಿಂದ, ನೀರಿದ್ದ ಕಡೆಯಿಂದ. ಗಂಡಸಿನ ದನಿಯೋ ಹೆಂಗಸಿನದೋ ಅಂದರೆ ಇವತ್ತಿಗೂ ಹೇಳಲಾರೆ. ಆ ದನಿಯಲ್ಲಿ ಅವಸರವಿರಲಿಲ್ಲ, ಮಕ್ಕಳು ಆಟ ಮುಗಿಸುವ ಹೊತ್ತಿಗೆ ಮನೆಯವರು ಕರೆಯುತ್ತಾರಲ್ಲ, ಹಾಗೆ. ಭಯವಾಗಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬಲಾರರು. ಆಗಲಿಲ್ಲ. ಮೈಯೆಲ್ಲ ಹಗುರಾಯಿತು. ‘ಬಂದೆ’ ಅಂದೆ. ಎದ್ದೂ ಬಿಟ್ಟಿದ್ದೆ, ಕಟಕಟೆಯ ಹಗ್ಗಕ್ಕೆ ಮೊಣಕಾಲು ತಗುಲಿದಾಗ ಎದುರಿಗೆ ನೀರು ಮಾತ್ರ ಇದೆಯೆಂದು ಕಂಡಿತು.

ಅಷ್ಟರಲ್ಲಿ ಜಿಗ್ನೇಶ್ ಎದ್ದು ಕೂತಿದ್ದ. ಕಣ್ಣು ಪೂರ್ತಿ ತೆರೆದಿರಲಿಲ್ಲ.

‘ಇಷ್ಟು ಹೊತ್ತಿಗೆ ಬಂದನಾ ಇವತ್ತು? ಹೇತಲ್‌ಗೆ ಹೇಳು, ಬೆಂಡೆಕಾಯಿ ತೊಗೊಳ್ಳಲಿ’ ಅಂದ.

‘ಯಾರು ಬಂದದ್ದು?’

‘ತರಕಾರಿಯವನು. ಕೂಗಲಿಲ್ಲವಾ ಈಗ? ಸಾಕ್, ಬಾ! ಅಂತ.’

ಹೇಳಿ ಮುಗಿಸುವಷ್ಟರಲ್ಲಿ ತಾನೆಲ್ಲಿದ್ದೇನೆ ಎಂಬುದು ಅವನಿಗೂ ಹೊಳೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಣಿನಗರದ ಆ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ತಳ್ಳುಗಾಡಿಯವನೊಬ್ಬ ಮುದುಕಿಯರನ್ನು ಹಾಗೆ ಕೂಗಿ ಕರೆಯುವುದನ್ನು ನಾನೂ ಕೇಳಿದ್ದೆ.

ಬಿಮಲ್ ಗ್ರೀಸು ಮೆತ್ತಿದ ಕೈಯಲ್ಲಿ ಮೆಟ್ಟಿಲೇರಿ ತಲೆ ಹೊರಹಾಕಿದ. ‘ಯಾರು ಕರೆದಿರಿ?’

ನಾವಿಬ್ಬರೂ ಪ್ರಭಾಕರನನ್ನು ಅಲುಗಿಸಿ ಎಬ್ಬಿಸಿದೆವು. ಅವನಿಗೆ ಏನೂ ಕೇಳಿರಲಿಲ್ಲ.

‘ಲೇ, ನಿನ್ನ ಕಿವ್ಯಾಗ ಗಾಳಿ ಹೊಕ್ಕೈತಿ. ಅದಕ್ಕ ಹಾಯಿಗೆ ಗಾಳಿ ಇಲ್ಲ’ ಅಂದ ನನಗೆ. ಜಿಗ್ನೇಶನ ಕಡೆ ತಿರುಗಿ ಹಿಂದಿಯಲ್ಲಿ ಸಮಾಧಾನ ಹೇಳಿ, ಮತ್ತೆ ನನಗೆ, ‘ಕಾಯಿಪಲ್ಯೆದಾಂವ ಅಹಮದಾಬಾದಿನಿಂದ ಈಸ್ಕೋತ ಬಂದಾನೇನು? ನೀ ಏನ್ ಕೇಳ್ದಿ ಹೇಳು.’

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಬಂದ ಚಿಂತೆಯನ್ನು ಬಾಯೊಳಗೆ ಇಟ್ಟುಕೊಳ್ಳುವುದು ನನಗೆ ಗೊತ್ತಿಲ್ಲ. ಕನ್ನಡದಲ್ಲಿ ಕೇಳಿಸಿತು ಅಂದೆ. ಸಾಕು, ಬಾ. ಜಿಗ್ನೇಶನಿಗೆ ಸಾಕು ಎಂಬುದರ ಅರ್ಥ ಗೊತ್ತಿತ್ತು. ಬಾ ಎಂಬುದರ ಅರ್ಥವೂ ಗೊತ್ತಿತ್ತು, ನಾನು ಅಡುಗೆಮನೆಗೆ ನುಗ್ಗಿದ ಕಥೆಯನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದವನು ಅವನೇ ತಾನೇ. ಅವನು ನಿಧಾನವಾಗಿ ಎರಡು ಪದಗಳನ್ನೂ ಕೂಡಿಸಿಕೊಂಡದ್ದು ನನಗೆ ಕಂಡಿತು.

‘ನಮ್ಮ ಬಾಗೂ ಸಾಕು ಎಂಬ ಪದ ಗೊತ್ತು’ ಅಂದ. ಆಮೇಲೆ, ‘ವಾಪಸ್ ಹೋಗೋಣ.’

ಹೋಗುವುದು ಎಲ್ಲಿಗೆ? ಇಂಜಿನ್ ತಣ್ಣಗಾಗಿರಲಿಲ್ಲ, ಗಾಳಿಯಿಲ್ಲ, ಫೋನಿನಲ್ಲಿ ಒಂದು ಗೆರೆಯೂ ಇಲ್ಲ. ಅವನು ದೋಣಿಯ ಮುಂತುದಿಗೆ ಹೋಗಿ ಫೋನು ಎತ್ತಿಕೊಂಡು ನಿಂತ. ಕೈ ನೋಯತೊಡಗಿದಾಗ ಇನ್ನೊಂದು ಕೈಗೆ ಬದಲಾಯಿಸಿದ. ಪ್ರಭಾಕರ ಚಹಾ ಮಾಡಿಕೊಟ್ಟ. ಅದು ಜಿಗ್ನೇಶನ ಪಕ್ಕದಲ್ಲೇ ಆರಿತು. ನಾನು ಹಿಂದೆ ಕೂತು ಅವನ ಬೆನ್ನು ನೋಡುತ್ತಿದ್ದೆ. ಎರಡು ವರ್ಷ ಕದಲದೆ ಕೂತವನನ್ನು ಎಳೆದು ತಂದವನು ನಾನು. ಅಲ್ಲಿ ಆಗಬಾರದ್ದು ಆಗಿದ್ದರೆ ಅವನು ಹೇಳಿದ ಮಾತು ಉಳಿಸಿಕೊಳ್ಳುವವನೇ. ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ನಿಮಗೆ ಹೇಗೆ ತಿಳಿಸಲಿ? ಹಾಯಿಯ ನೆರಳು ಇದ್ದ ಹಲಗೆಯ ಮೇಲೇ ಇತ್ತು.

ಹೊತ್ತು ಇಳಿಯುವಾಗ ಗಾಳಿ ಬಂತು. ಬಿಮಲ್ ಹತ್ತಿರದ ಊರಿನ ಕಡೆ ದೋಣಿ ತಿರುಗಿಸಿದ. ಜೆಟ್ಟಿ ಇನ್ನೂ ದೂರವಿರುವಾಗಲೇ ಜಿಗ್ನೇಶನ ಫೋನು ಒಂದರ ಹಿಂದೊಂದು ಮೆಸೇಜು ಬಂದ ಸದ್ದು ಮಾಡಿತು. ಎಲ್ಲವೂ ಹೇತಲ್ ಕರೆ ಮಾಡಿದ್ದಳೆಂಬ ಸೂಚನೆ. ಅವನು ಫೋನನ್ನು ನನ್ನ ಕೈಗಿಟ್ಟ. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

‘ಬಾ ಬೋಲ್ಯಾ!’ ಎಂದು ಹೇತಲ್ ಕಿರುಚಿದಳು. ‘ಭಾಯ್, ಆಜೇ ಬಾ ಬೋಲ್ಯಾ!’

ಇವತ್ತು ಬಾ ಮಾತಾಡಿದರು. ಅವಳು ಅಳುತ್ತಲೂ ನಗುತ್ತಲೂ ಹೇಳಿದ್ದು ಇಷ್ಟು. ಮಧ್ಯಾಹ್ನ ಊಟಕ್ಕೆ ಕೂಡಿಸಿದ್ದಳು. ಬರೀ ಕಿಚಡಿ ಕಲಸಿ ಇಟ್ಟಿದ್ದಳು. ಬಾ ತಟ್ಟೆ ನೋಡಿದರು, ಇವಳ ಮುಖ ನೋಡಿದರು, ‘ಸಾಕ್’ ಅಂದರು. ಸ್ಪಷ್ಟವಾಗಿ. ಇವಳು ಬಾಣಲೆ ಇಟ್ಟು ಬೆಂಡೆಕಾಯಿ ಹುರಿದು ತಂದು ಬಡಿಸಿದಳು. ಬಾ ಸ್ವಲ್ಪ ತಿಂದರು. ಮತ್ತೆ ಮಾತಾಡಲಿಲ್ಲ, ಆದರೆ ಮಾತು ಬರುತ್ತದೆ ಅಂತಾಯಿತಲ್ಲ!

ಜಿಗ್ನೇಶ್ ಹಲಗೆಯ ಮೇಲೆ ಕುಕ್ಕರಿಸಿ ಅಳತೊಡಗಿದ. ಪ್ರಭಾಕರ ಅವನ ಬೆನ್ನಿಗೆ ಗುದ್ದುತ್ತ, ಹಿಂದಿ ಮರೆತು, ‘ನೋಡು, ನಿಮ್ಮವ್ವ ಪಲ್ಯೆ ಕೇಳ್ಯಾಳ! ಪಲ್ಯೆ!’ ಎಂದು ತಾನೂ ಕಣ್ಣೊರೆಸಿಕೊಂಡ. ನಾನೂ ನಕ್ಕೆ. ಆಮೇಲೆ ಕ್ಲೇಮು ವಿಭಾಗದ ನಾಲಿಗೆ ಸುಮ್ಮನಿರಲಿಲ್ಲ.

‘ಹೇತಲ್‌ಬೆಹೆನ್, ಹಾಗೆ ಹೇಳುವಾಗ ಬಾ ಅವರ ಕೈ ಎಲ್ಲಿತ್ತು?’

‘ಕೈ? ಎಡಗೈ ತಟ್ಟೆ ಮೇಲೆ ಇತ್ತು. ಸರಿಸಿ ಬಡಿಸಿದೆ. ಯಾಕೆ ಸಾಕುಭಾಯ್?’

‘ಏನಿಲ್ಲ, ಸುಮ್ಮನೆ’ ಅಂದೆ.

ಜಿಗ್ನೇಶ್ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟು ಆ ಪದವನ್ನು ಅವರಿಗೆ ಕಲಿಸಿದವನು ಯಾರೆಂದು ಅವನಿಗೆ ಗೊತ್ತು. ಫೋನು ಆರಿಸಿ, ಬಹಳ ಮೆಲ್ಲಗೆ, ‘ಬಾ ಪಲ್ಯ ಕೇಳಿದಳು. ಅಷ್ಟೇ ಅಲ್ಲವಾ?’ ಎಂದು ಕೇಳಿದ.

‘ಪಲ್ಯವೇ ಕೇಳಿದ್ದು. ಮತ್ತೇನು? ಬರೀ ಕಿಚಡಿ ಯಾರಿಗೆ ಸೇರುತ್ತೆ?’ ಅಂದೆ.

ಆ ರಾತ್ರಿ ಅವನು ಮಗುವಿನ ಹಾಗೆ ಮಲಗಿದ.

ಈಗ ನಾನು ಕಾರಣ ಹುಡುಕಬೇಕಲ್ಲವೇ? ಹುಡುಕಿದ್ದೇನೆ. ಹಗ್ಗ ಕಿರುಗುಟ್ಟಿದ್ದು, ನಾನೂ ಅವನೂ ನಮ್ಮ ನಮ್ಮ ಭಾಷೆಯಲ್ಲಿ ಕೇಳಿಸಿಕೊಂಡದ್ದು. ಇಬ್ಬರ ತಲೆಯಲ್ಲೂ ಬಾ ಇದ್ದದ್ದು. ಬಿಮಲ್ ಕೇಳಿದ್ದು ನಾನು ‘ಬಂದೆ’ ಅಂದದ್ದನ್ನೇ ಇರಬೇಕು. ಅದೇ ಮಧ್ಯಾಹ್ನ ಬಾ ಮಾತಾಡಿದ್ದು ಕಾಕತಾಳೀಯ. ಒಂದೊಂದಾಗಿ ತೆಗೆದುಕೊಂಡರೆ ಎಲ್ಲಕ್ಕೂ ಸಹಿ ಹಾಕುತ್ತೇನೆ. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರೆ ಪೆನ್ನು ಏಳುವುದಿಲ್ಲ.

ಊರಿಗೆ ಮರಳಿದ ಮೇಲೆ ರಜೆ ಹಾಕಿ ಮಣಿನಗರಕ್ಕೆ ಹೋದೆ. ಕರೆದವರು ಬಾ ಅವರೇ ಆಗಿದ್ದರೆ ಹೋಗಿ ಮುಖ ತೋರಿಸಿಬಿಡೋಣ, ‘ಬಂದೆ’ ಎಂದು ಒಪ್ಪಿಕೊಂಡದ್ದು ಮುಗಿದುಹೋಗಲಿ ಎಂಬುದು ನನ್ನ ಲೆಕ್ಕ. ಜಿಗ್ನೇಶ್ ಅಡುಗೆಮನೆಯಲ್ಲಿದ್ದಾಗ ಮಂಚದ ಪಕ್ಕ ಬಗ್ಗಿ ಕನ್ನಡದಲ್ಲೇ ಹೇಳಿದೆ: ‘ಬಾ, ನಾನು. ಬಂದೆ.’ ಅವರು ನನ್ನನ್ನು ನೋಡಿದರು. ಗುರುತು ಸಿಕ್ಕಿತೆಂದೇ ತೋರಿತು, ತುಟಿಯ ಒಂದು ತುದಿ ನಕ್ಕಿತು. ಎಡಗೈಯಿಂದ ಕುರ್ಚಿ ತೋರಿಸಿದರು, ಬಂದ ಯಾವ ನೆಂಟನಿಗಾದರೂ ತೋರಿಸುವಂತೆ. ಕರೆದವರು ಬಂದವನನ್ನು ನೋಡುವ ನೋಟ ಅದಾಗಿರಲಿಲ್ಲ. ಕಾದವರ ನೋಟವಂತೂ ಅಲ್ಲವೇ ಅಲ್ಲ.

ಬಾ ಇನ್ನೂ ಇದ್ದಾರೆ. ಇನ್ನೊಂದು ಪದ ಬಂದಿಲ್ಲ. ಹೇತಲ್ ಮಾತು ಕೇಳಿ ಜಿಗ್ನೇಶ್ ಎರಡು ಹೊತ್ತೂ ಪಲ್ಯ ಮಾಡಿ ಹಾಕುತ್ತಾನೆ. ಆಗಾಗ ಅವರು ತಟ್ಟೆಯ ಮೇಲೆ ಕೈ ಇಡುತ್ತಾರೆ, ಅವನು ಸರಿಸಿ ಬಡಿಸುತ್ತಾನೆ. ನಾನು ಬೇರೆ ಕಡೆ ನೋಡುತ್ತೇನೆ.

ದೋಣಿ ಮಗುಚಲಿಲ್ಲ. ಕಂಬ ನೆಟ್ಟಗೇ ಇತ್ತು, ಮೊಸಳೆ ಕಣ್ಣಿಗೂ ಬೀಳಲಿಲ್ಲ, ಅಪೆಂಡಿಕ್ಸು ತೆಪ್ಪಗಿದೆ, ಅಡಾಜಣದ ಲಿಫ್ಟು ಒಂದು ದಿನವೂ ಕೆಡಲಿಲ್ಲ. ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಹೆದರದೆ ಬಿಟ್ಟಿದ್ದ ಅಜ್ಜಿಯ ಒಂದು ಮಾತು ಮಾತ್ರ ತಪ್ಪಿತು: ಯಾರು, ಎಲ್ಲಿಗೆ ಎಂದು ಕೇಳದೆ, ಒಂದೇ ಕೂಗಿಗೆ ನಾನು ‘ಬಂದೆ’ ಅಂದುಬಿಟ್ಟೆ.